ಗೌರಿ ಉಣ್ಣದೆ ಕೂತದ್ದು

ಒಣ ಬೊಂಬಿಲ್ ಮೀನಿನ ನಾತ ಈಗಲೂ ನನಗೆ ಆಗುವುದಿಲ್ಲ. ಪುಣೆ ಕ್ಯಾಂಪಿನ ಮಾರ್ಕೆಟ್ಟಿನಲ್ಲಿ ಆ ಸಾಲು ಬಂದರೆ ಮೂಗು ಮುಚ್ಚಿಕೊಂಡು ದಾಟುತ್ತೇನೆ. ದಾಟಿದ ಮೇಲೆ ಆಯಿಯ ನೆನಪಾಗಿ ಒಮ್ಮೆ ತಿರುಗಿ ನೋಡುತ್ತೇನೆ. ಆಯಿ ನನ್ನ ಅಪ್ಪನ ತಾಯಿ, ವಿಜಾಪುರದ ಕಡೆಯವಳು. ಕೊರಳಲ್ಲಿ ಲಿಂಗ, ಮೊಟ್ಟೆಯ ಮಾತು ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬಹುದು.

ಕ್ಯಾಂಪಿನ ಬಾಡಿಗೆ ಮನೆ ಬಿಟ್ಟು ವಿಮಾನ ನಗರದ ಮೂರನೆಯ ಮಹಡಿಗೆ ಬಂದಾಗ ನಮ್ಮ ಬೆಕ್ಕು ಗೌರಿ ಗೋಣಿಚೀಲದಲ್ಲಿ ಬಂತು. ಅಂಗಾಲಿಗೆ ಬೆಣ್ಣೆ ಹಚ್ಚಬೇಕು, ನೆಕ್ಕಿತೆಂದರೆ ಹೊಸ ಮನೆ ತನ್ನದೆನ್ನುತ್ತದೆ ಎಂದು ಆಯಿ ಹಚ್ಚಿದಳು. ಗೌರಿ ಆ ಜಿಡ್ಡುಗಾಲಿನಲ್ಲೇ ಮಂಚದ ಕೆಳಗೆ ಹೊಕ್ಕಿತು. ಹಾಲನ್ನ ಮುಟ್ಟಲಿಲ್ಲ. ಜೋಳದ ಚೀಲಕ್ಕೆ ಉಚ್ಚೆ ಹೊಯ್ದಿತು, ನನ್ನ ಹಾಸಿಗೆಯಲ್ಲಿ ಹಳದಿ ನೀರು ಕಕ್ಕಿತು. ಗೋಡೆಯ ಹಸಿ ಬಣ್ಣದ ವಾಸನೆಗೆ ಇದೂ ಸೇರಿ ಮನೆ ಅಸಹ್ಯವಾಯಿತು. ಅದರ ಬೆನ್ನೆಲುಬು ಎದ್ದು ಕಂಡಾಗ ನಾನು ಅತ್ತೆ.

"ಇಲ್ಲೇ ಇದ್ರ ಸಾಯ್ತದ. ನಾಳೆ ಹಳೇ ಓಣ್ಯಾಗ ಬಿಟ್ಟು ಬರ್ತೀನಿ," ಎಂದ ಅಪ್ಪ.

ಸ್ವಲ್ಪ ನೋಡಿಕೊಳ್ಳಿ ಎನ್ನಲು ಅಲ್ಲಿಯ ನೆರೆಮನೆಯ ರೋಜಿ ಆಂಟಿಗೆ ಅಪ್ಪ ಫೋನು ಮಾಡಿದರೆ, ಆಕೆ ನಕ್ಕಳೋ ನಕ್ಕಳು. ಗೌರಿ ದಿನಾ ಮಧ್ಯಾಹ್ನ ತನ್ನ ಹಿತ್ತಲಲ್ಲಿ ಬೊಂಬಿಲ್ ತಿನ್ನುತ್ತಿತ್ತೆಂದು ಮರಾಠಿಯಲ್ಲಿ ಹೇಳಿದಳು. ನಮ್ಮ ಬೆಕ್ಕು ಹಾಲನ್ನ ಬಿಟ್ಟು ಬೇರೇನೂ ಮೂಸುವುದಿಲ್ಲ ಎಂದು ಬೀಗರ ಮುಂದೆಲ್ಲ ಜಂಬ ಕೊಚ್ಚಿದವರು ನಾವು. ಪೂಜೆಯ ಹೊತ್ತಿಗೂ ಅದು ಆಯಿಯ ತೊಡೆಗೇ ಆತು ಮಲಗುತ್ತಿತ್ತು. ಆಯಿ ಸೆರಗಿನಿಂದ ಕೈ ಉಜ್ಜಿಕೊಂಡಳು.

"ಥೂ, ಅದೇ ಬಾಯಿಲೆ ನನ್ನ ಕೈ ನೆಕ್ಕತಿತ್ತಲ್ಲೋ."

ಸಂಜೆ ಅಪ್ಪ ಮೀನಿನ ಪೊಟ್ಟಣ ತಂದು ಬಾಲ್ಕನಿಯಲ್ಲಿಟ್ಟು ದೂರ ನಿಂತ. ಅವ್ವ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಪೊಟ್ಟಣ ಬಿಚ್ಚಿದವಳು ಆಯಿ. ಮೂಗಿಗೆ ಸೆರಗು ಬಿಗಿದು, ಓಕರಿಸುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ನೆನೆಸಿದ ಮೀನನ್ನು ಬೆರಳಿನಿಂದಲೇ ಹರಿದು ಹಾಕಿದಳು. ಗೌರಿ ಹೊರಬಂದು ಗುರುಗುಡುತ್ತ ತಿಂದಿತು. ಆಯಿ ತಲೆಗೆ ನೀರು ಹೊಯ್ದುಕೊಂಡು ಬಂದು ಕೂತರೆ, ಅದು ನಾರುವ ಬಾಯಿಯಲ್ಲೇ ತೊಡೆ ಹತ್ತಿತು. "ಹೊಲಸು ನಾರತಿ, ಅತ್ತಾಗ ಸರಿ," ಎಂದು ಬೈದಳು. ಕೆಳಗಿಳಿಸಲಿಲ್ಲ. ಬೆಕ್ಕು ಬದುಕಿರುವ ತನಕ ದಿನವೂ ಹೀಗೆಯೇ ನಡೆಯಿತು. ಆಯಿಯ ಹೇಸಿಗೆ ಒಂದು ದಿನವೂ ಕಡಿಮೆಯಾಗಲಿಲ್ಲ.

ಈಗ ಇಬ್ಬರೂ ಇಲ್ಲ. ಮನೆ ಚೊಕ್ಕಟವಾಗಿದೆ. ನಾವೆಲ್ಲ ಒಬ್ಬರಿಗೊಬ್ಬರು ಹೇಸಿದರೆ ಮೆಲ್ಲಗೆ ಎದ್ದು ಬೇರೆ ಕೋಣೆಗೆ ಹೋಗುತ್ತೇವೆ. ಅಷ್ಟು ಹೇಸಿಕೊಂಡೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವವರು ಇನ್ನು ಯಾರೂ ಉಳಿದಿಲ್ಲ.