ಮಾತಾಡಿಸದೆ ಉಳಿದ ಎರಡು ಮನೆ

೨೦೨೧ರ ಕೊನೆಗೆ ನಾನು ಕುಷ್ಟಗಿ ತಾಲೂಕಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಮೇಲ್ವಿಚಾರಕಿಯಾಗಿದ್ದೆ. ಕೋವಿಡ್ ಎರಡನೇ ಅಲೆ ಇಳಿದಿತ್ತು. ನಿಂತುಹೋದ ಸಂಘಗಳನ್ನು ಮತ್ತೆ ಎಬ್ಬಿಸುವುದು ನನ್ನ ಪಾಲಿನ ಕೆಲಸ. ಹನುಮಸಾಗರದ ಹತ್ತಿರದ ಒಂದು ಹಳ್ಳಿಯ ರೊಟ್ಟಿ ಕೇಂದ್ರ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಜೋಳ ತರಿಸಿಕೊಟ್ಟಿದ್ದೆ, ಕುಷ್ಟಗಿಯ ಖಾನಾವಳಿಯವರು ರೊಟ್ಟಿ ಕೇಳುತ್ತಿದ್ದರು. ಒಲೆ ಹೊತ್ತಿಸಲು ಒಬ್ಬರೂ ಬರಲೊಲ್ಲರು.

ನನ್ನ ತಲೆಗೆ ಹುಳ ಬಿಟ್ಟಂತಾಯಿತು. ರೋಗದ ಭಯವಿರಬೇಕೆಂದು ನರ್ಸಮ್ಮನನ್ನು ಕರೆದೊಯ್ದು ಲಸಿಕೆಯ ಬಗ್ಗೆ ಹೇಳಿಸಿದೆ. ಎಲ್ಲರೂ ಆಗಲೇ ಹಾಕಿಸಿಕೊಂಡಿದ್ದರಂತೆ! ಚಹಾ ಕುಡಿಸಿ ಕಳಿಸಿದರು. ಬಹುಕಾಲ ಕೆಲಸ ನಡೆಯದ ಘಟಕವನ್ನು 'ನಿಷ್ಕ್ರಿಯ' ಎಂದು ಬರೆದು, ಅದರ ಹಿಟ್ಟಿನ ಗಿರಣಿಯನ್ನು ಬೇರೆ ಊರಿಗೆ ಕೊಡುವುದು ನಮ್ಮ ಇಲಾಖೆಯ ಕ್ರಮ. ಗಿರಣಿ ಹೋದರೆ ಈ ಹೆಂಗಸರು ಮಕ್ಕಳನ್ನು ಬಿಟ್ಟು ಗಂಗಾವತಿ ಕಡೆ ಭತ್ತದ ನಾಟಿಗೆ ಕೂಲಿ ಹೋಗಬೇಕಿತ್ತು.

ಕೇಂದ್ರಕ್ಕೆ ಆಧಾರ ಇಬ್ಬರು. ಅಧ್ಯಕ್ಷೆ ಗಂಗವ್ವ, ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ ಬಸಮ್ಮ. ಕೋವಿಡ್‌ನ ಆ ಅಲೆಯಲ್ಲಿ ಗಂಗವ್ವನ ಗಂಡ ತೀರಿಹೋದ, ಅದೇ ತಿಂಗಳು ಬಸಮ್ಮನ ತಾಯಿಯೂ ಹೋದಳು. ಇಬ್ಬರದೂ ಒಂದೇ ಓಣಿ. ಆದರೆ ಗಂಗವ್ವ ನೀರಿಗೆ ಹೋಗುವಾಗ ಬಸಮ್ಮನ ಮನೆ ತಪ್ಪಿಸಿ ಸುತ್ತುಹಾಕಿ ಹೋಗುವುದು ನನ್ನ ಕಣ್ಣಿಗೆ ಬಿತ್ತು. ಜಗಳವೇ ಎಂದು ಸಂಘದ ಹಿರಿಯಳು ನೀಲವ್ವನನ್ನು ಕೇಳಿದೆ.

"ಜಗಳ ಎಲ್ಲಿದ್ರೀ ಮೇಡಂ. ಮಾತಾಡಿಸಾಕ ಯಾರೂ ಹೋಗಿಲ್ಲ. ಆವತ್ತು ಕೊರೋನಾ ಅಂತ ಓಣಿಗೆ ಬೇಲಿ ಹಾಕಿದ್ರು. ಈಗ ಯಾವ ಮುಖ ಹೊತ್ಕೊಂಡು ಹೋಗೂದು?"

ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಬೇಕಾದವರು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೋಗಿ, ಜೊತೆಗೆ ಅತ್ತು, ಉಣಿಸಿ ಬರುತ್ತಾರೆ. ಅದಕ್ಕೇ 'ಮಾತಾಡಿಸುವುದು' ಎನ್ನುತ್ತೇವೆ. ಅದು ಆಗದೆ ಒಟ್ಟಿಗೆ ಕೂತು ನಗುವುದು ಹೇಗೆ? ಯಾರಾದರೂ ಬಂದು ಮಾತಾಡಿಸುವವರೆಗೆ ದುಃಖದ ಮನೆಯವರು ತಾವಾಗಿ ಇನ್ನೊಬ್ಬರ ಮನೆಗೆ ಹೋಗುವಂತಿಲ್ಲ, ಹಾಗಾಗಿ ಇಬ್ಬರೂ ಬಾಗಿಲು ನೋಡುತ್ತ ಕೂತಿದ್ದರು. ಮೊದಲು ಯಾರಲ್ಲಿಗೆ ಹೋದರೂ ಇನ್ನೊಬ್ಬಳಿಗೆ ನೋವಾದೀತೆಂದು ಊರವರು ತೆಪ್ಪಗಿದ್ದರು. ನಾನೋ, ಸ್ಯಾನಿಟೈಸರ್ ಬಾಟಲಿ ಹಿಡಿದು ಓಡಾಡುತ್ತಿದ್ದೆ.

ಕೇಂದ್ರ ಯಾರ ಮನೆಯೂ ಅಲ್ಲವಲ್ಲ ಎಂಬುದು ಆಗ ಹೊಳೆಯಿತು. ಬಸಮ್ಮನಿಗಾಗಿ ಅಲ್ಲಿ ನಾಲ್ಕು ರೊಟ್ಟಿ ಬಡಿಯುತ್ತೀಯಾ ಎಂದು ಗಂಗವ್ವನನ್ನು ಕೇಳಿದೆ. ಗಂಗವ್ವನಿಗಾಗಿ ಬಡಿಯುತ್ತೀಯಾ ಎಂದು ಬಸಮ್ಮನನ್ನೂ ಕೇಳಿದೆ. ಮರುದಿನ ಬೆಳಿಗ್ಗೆ ಇಬ್ಬರೂ ಬಂದರು. ಪಕ್ಕಪಕ್ಕದ ಒಲೆ. ರೊಟ್ಟಿ ಬಡಿಯುವ ಸದ್ದಷ್ಟೇ. ಉಳಿದವರು ಬಾಗಿಲಲ್ಲೇ ನಿಂತಿದ್ದರು.

ಗಂಗವ್ವ ಮೊದಲ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಾಕಿ ಬಸಮ್ಮನ ಮುಂದಿಟ್ಟಳು. "ಉಣ್ಣವ್ವ. ನಿಮ್ಮವ್ವ ಹೋದಾಗ ನಂಗ ಬರಾಕ ಆಗಲಿಲ್ಲ."

ಬಸಮ್ಮ ತನ್ನ ರೊಟ್ಟಿ ಮುಂದೆ ಸರಿಸಿದಳು. "ನಿಮ್ಮ ಮನಿಯವ್ರು ಹೋದಾಗ ನಾನೂ ಬರಲಿಲ್ಲಕ್ಕ. ನೀನೂ ಉಣ್ಣು."

ಆಮೇಲೆ ಅಳು ಒಡೆಯಿತು. ಬಾಗಿಲಲ್ಲಿದ್ದವರೆಲ್ಲ ಒಳಗೆ ಬಂದರು. ನಾನೂ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ.

ಗಿರಣಿ ಎಲ್ಲಿಗೂ ಹೋಗಲಿಲ್ಲ. ಆ ವಾರವೇ ಖಾನಾವಳಿಗೆ ರೊಟ್ಟಿ ಹೋಯಿತು. ನಿವೃತ್ತಿಯವರೆಗೂ ನಾನು ಹೋದ ಊರಿನಲ್ಲೆಲ್ಲ, ಸಂಘ ಯಾಕೆ ನಿಂತಿದೆ ಎಂದು ವಿಚಾರಿಸುವ ಮೊದಲು, ಯಾರ ಮನೆಗೆ ಯಾರು ಹೋಗಿಲ್ಲ ಎಂದು ಕೇಳುತ್ತಿದ್ದೆ.