ಖಾಲಿ ಬಿಟ್ಟ ಸಾಲು

ನರಸಿಂಹರಾಜಪುರದಲ್ಲಿ ನನ್ನ ಸೈಕಲ್ ಶಾಪಿಗೂ ಷಡಕ್ಷರಿಯ ಲಗ್ನಪತ್ರಿಕೆ ಅಂಗಡಿಗೂ ನಡುವೆ ಒಂದೇ ಗೋಡೆ. ಅದು ಇನ್ನಷ್ಟು ದಪ್ಪವಿದ್ದಿದ್ದರೆ ನನಗೆ ಕಂಪ್ಯೂಟರ್ ವಿದ್ಯೆ ಬರುತ್ತಿರಲಿಲ್ಲ. 2004ರಲ್ಲಿ, ಮದುವೆಗೆ ಬಂದ ಮಗಳನ್ನು ಮನೆಯಲ್ಲಿಟ್ಟುಕೊಂಡು, ಈ ಮಹಾನುಭಾವ ಶಿವಮೊಗ್ಗಕ್ಕೆ ಹೋಗಿ ಕೋರ್ಸ್ ಮುಗಿಸಿ ಬಂದ. ಆಮೇಲೆ ಪಂಕ್ಚರ್ ಹಾಕಿಸಲು ಬಂದವರಿಗೂ ಪಾಠ ತಪ್ಪಲಿಲ್ಲ.

"ನನ್ ಹತ್ರ ಇಬ್ರು ಆಳು ಇದಾರೆ ಮಾರಾಯ," ಎಂದು ತಾನು ಕಲಿತ ಎರಡು ಕಂಪ್ಯೂಟರ್ ಭಾಷೆಗಳ ಬಗ್ಗೆ ಹೇಳುತ್ತಿದ್ದ. "ಪರ್ಲ್ ಅಂತ ಒಬ್ಬ. ಹೆಸರೆಲ್ಲ ಒಟ್ಟುಮಾಡಿ ವಯಸ್ಸಿನ ಪ್ರಕಾರ ಜೋಡಿಸ್ತಾನೆ. ಸಿ ಅಂತ ಇನ್ನೊಬ್ಬ. ಅದನ್ನ ಇಸ್ಕೊಂಡು ಕಾರ್ಡಿನ ಅಳತೆಗೆ ಕೂರಿಸ್ತಾನೆ. ಎಷ್ಟು ಹೆಸರು ಬರ್ತವೆ ಅಂತ ಅವನಿಗೆ ಮೊದ್ಲೇ ಗೊತ್ತಿರಲ್ಲ. ಅದಕ್ಕೇ ಒಂದು ಕರಾರು ಮಾಡಿಟ್ಟಿದೀನಿ. ಖಾಲಿ ಹೆಸರು ಬಂತು ಅಂದ್ರೆ ಪಟ್ಟಿ ಮುಗೀತು ಅಂತ."

ಯಂತ್ರದೊಳಗಿನ ಇಬ್ಬರ ನಡುವೆ ಕರಾರು ಮಾಡಿಸಿದವನಿಗೆ ಕಡಹಿನಬೈಲಿನಲ್ಲಿದ್ದ ಸ್ವಂತ ಅಣ್ಣನ ಜೊತೆ ಮಾತಿರಲಿಲ್ಲ. ಕಾರಣ ಘನವಾದದ್ದೇ. ಅಣ್ಣ ಕಾಂತೇಶನ ಗೃಹಪ್ರವೇಶದಲ್ಲಿ ಇವನನ್ನು ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದ್ದರು. ರಾಜ್ಯ ಹೋದರೂ ಜನ ಸಹಿಸಿಕೊಳ್ಳುತ್ತಾರೆ, ಪಂಕ್ತಿ ಹೋದರೆ ಹೇಗೆ?

ಷಡಕ್ಷರಿಯ ಮಗಳು ಮೇಘನಳ ಮದುವೆ ಗೊತ್ತಾಯಿತು. ದೊಡ್ಡಪ್ಪನ ಹೆಗಲ ಮೇಲೆ ಬೆಳೆದ ಹುಡುಗಿ ಅವಳು. "ದೊಡ್ಡಪ್ಪ ಬರದಿದ್ರೆ ನಾನು ಹಸೆಮಣೆ ಹತ್ತಲ್ಲ," ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ಹೇಳಿದ್ದನ್ನು ಮಾಡುವವಳು. ನನಗಂತೂ ಹೆದರಿಕೆಯಾಯಿತು.

ಷಡಕ್ಷರಿಗೆ ಆಗಲಿಲ್ಲ. ಅವನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮುನಿಸಿಕೊಂಡವರ ಹೆಸರನ್ನು ಪತ್ರಿಕೆಯಿಂದ ತೆಗೆಯುವುದಿಲ್ಲ, ಆ ಸಾಲನ್ನು ಖಾಲಿ ಬಿಡುತ್ತಾರೆ. ಜಗಳ ಯಾರ ಜೊತೆ ಎಂದು ಊರಿಗೆಲ್ಲ ತಿಳಿಯಬೇಡವೇ?

"ಹೆಸರು ಹಾಕೋ," ಎಂದು ತಾಯಿ ಕಲ್ಲಮ್ಮ ಬೇಡಿಕೊಂಡರು.

"ಅವ್ನೇ ಬಂದು ಕೇಳ್ಲಿ ಅವ್ವ, ಹಾಕ್ತೀನಿ. ಅಲ್ಲೀವರೆಗೆ ಖಾಲಿ."

ಪ್ರೂಫ್ ನೋಡುವುದು ಕಂಪ್ಯೂಟರ್ ಇಲ್ಲದವರ ಕೆಲಸವೆಂದು ನೇರ ಅಚ್ಚಿಗೆ ಕೊಟ್ಟ. ಪರ್ಲ್ ಎಲ್ಲ ಹೆಸರನ್ನೂ ಸರಿಯಾಗಿಯೇ ಜೋಡಿಸಿ ಕೊಟ್ಟಿತ್ತು. ಮೊದಲು ಕಲ್ಲಮ್ಮ, ಆಮೇಲೆ ಅಣ್ಣನ ಖಾಲಿ ಸಾಲು, ಅದರ ಕೆಳಗೆ ಷಡಕ್ಷರಿ, ಅವನ ಹೆಂಡತಿ, ಉಳಿದ ಬಳಗ. ಸಿ ಕರಾರಿಗೆ ತಪ್ಪಲಿಲ್ಲ. ಖಾಲಿ ಕಂಡೊಡನೆ ಪಟ್ಟಿ ಮುಗಿಯಿತೆಂದು ನಿಂತುಬಿಟ್ಟಿತು. ಕಾರ್ಡಿನಲ್ಲಿ 'ತಮ್ಮ ಬರವನ್ನು ಬಯಸುವವರು' ಎಂಬುದರ ಕೆಳಗೆ ಕಲ್ಲಮ್ಮ ಒಬ್ಬರೇ ಉಳಿದರು. ಹೆಣ್ಣಿನ ಅಪ್ಪನೇ ನಾಪತ್ತೆ!

ಇವನು ತಲೆ ಮೇಲೆ ಕೈಹೊತ್ತು ಕೂರುವಷ್ಟರಲ್ಲಿ ಕಲ್ಲಮ್ಮ ಮಗನಿಗೆ ಹೇಳದೆ ಒಂದು ಕಾರ್ಡನ್ನು ಬಸ್ ಕಂಡಕ್ಟರ್ ಕೈಲಿ ಕಡಹಿನಬೈಲಿಗೆ ಕಳಿಸಿಯಾಗಿತ್ತು.

ಮರುದಿನವೇ ಕಾಂತೇಶ ಬಂದ. ಅಂಗಡಿಯ ಬಾಗಿಲಲ್ಲಿ ಕಾರ್ಡ್ ಹಿಡಿದು ನಿಂತ. "ನನ್ ಹೆಸರಿಲ್ಲ ಅಂತ ಸಿಟ್ಟು ಬಂತು ಕಣೋ. ಆಮೇಲೆ ನೋಡಿದ್ರೆ ನಿಂದೂ ಇಲ್ಲ. ಅಣ್ಣ ಇಲ್ಲದ ಕಡೆ ನಾನೂ ಬೇಡ ಅಂದ್ಯಲ್ಲೋ," ಎಂದು ತಮ್ಮನ ಭುಜ ಹಿಡಿದುಕೊಂಡ.

ದನ ಕಂಡರೂ ಪ್ರೋಗ್ರಾಂ ವಿವರಿಸುತ್ತಿದ್ದ ಷಡಕ್ಷರಿ ಅವತ್ತು ಯಂತ್ರದ ಹೆಸರೆತ್ತದೆ ಅಣ್ಣನ ಕೈ ಹಿಡಿದುಕೊಂಡ. ಅತ್ತುಬಿಟ್ಟ. ಗೋಡೆಯ ಈಚೆ ನಾನೂ ಪಂಪ್ ಹೊಡೆಯುವುದನ್ನು ನಿಲ್ಲಿಸಿದೆ.

ಮೇಘನ ಹಸೆಮಣೆ ಹತ್ತಿದಳು. ಊಟದ ಹೊತ್ತಿಗೆ ಕಾಂತೇಶ ಸೌಟು ಹಿಡಿದು ಪಾಯಸ ಬಡಿಸುತ್ತ ಬಂದ. ಸತ್ಯ ಹೇಳುವ ಚಟ ನನಗೆ. "ಕಾಂತೇಶಣ್ಣ, ಆ ಕಾರ್ಡಿನ ವಿಷಯ..." ಎಂದು ಬಾಯಿ ತೆಗೆದೆ.

ಅವನು ನನ್ನ ಎಲೆಗೆ ಇನ್ನೊಂದು ಸೌಟು ಸುರಿದ. "ಗೊತ್ತು ಮಾರಾಯ. ಅವನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರ್ಬೇಕು? ಆ ಯಂತ್ರ ಎಂತದೋ ಎಡವಟ್ಟು ಮಾಡಿರ್ತದೆ. ನಂಗೂ ಬರಕ್ಕೆ ಒಂದು ನೆಪ ಬೇಕಿತ್ತು," ಎಂದ. "ಅವನಿಗೆ ಹೇಳ್ಬೇಡ."

ಆಮೇಲೆ ಮೊದಲ ಪಂಕ್ತಿಯಲ್ಲಿ ತಮ್ಮನಿಗೆಂದು ಹಿಡಿದಿಟ್ಟ ಎಲೆಯ ಕಡೆ ಹೋದ.