ಅಕ್ಕನ ಎಡಗೆನ್ನೆ

ಊರಿನವರಿಗೆಲ್ಲ ಅವಳು ಟಚಿಂಗಮ್ಮ. ನಿಜವಾದ ಹೆಸರು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು, ಮೂರೆಳೆ ಕೂದಲಿನ ಬ್ರಷ್ಷು ಹಿಡಿದು ಫೋಟೋಗಳಿಗೆ ಟಚಿಂಗ್ ಮಾಡುತ್ತ ಜನರ ಮುಖ ತಿದ್ದಿದವಳು. ಮೊಡವೆ ಹೋಗಬೇಕೇ? ಹೋಯಿತು. ಕಣ್ಣ ಕೆಳಗಿನ ಕಪ್ಪು? ಅದೂ ಹೋಯಿತು. ಬೋಳು ತಲೆಗಳ ಮೇಲೆ ಕೂದಲು ಬೆಳೆಸಿದ ಪುಣ್ಯವೂ ಅವಳದೇ. ದೇವರ ತಪ್ಪು ತಿದ್ದುತ್ತೇನೆ, ಸಂಬಳ ಮಾತ್ರ ಮನುಷ್ಯರು ಕೊಡುತ್ತಾರೆ ಎಂದು ತಾನೇ ನಗುತ್ತಿದ್ದಳು.

ಕಂಪ್ಯೂಟರ್ ಬಂತು, ಸ್ಟುಡಿಯೋ ಯಜಮಾನ ಇನ್ನು ಬ್ರಷ್ಷು ಸಾಕು ಎಂದ. ಅಳುತ್ತ ಕೂರುವ ಹೆಂಗಸಲ್ಲ ಅವಳು. ಹಳೆಯ ಕ್ಯಾಮೆರಾ ಒಂದನ್ನು ಕೇಳಿ ತಂದು, ಮನೆಯ ಮುಂದಿನ ಕೋಣೆಯ ಸಾಮಾನನ್ನೆಲ್ಲ ಗೋಡೆಗೆ ಸರಿಸಿ ತನ್ನದೇ ಕೆಲಸ ಶುರು ಮಾಡಿದಳು. ಮೊದಲು ಫೋಟೋ ತೆಗೆಯುವುದು. ಅದನ್ನು ದಪ್ಪನೆಯ ಹತ್ತಿ ಕಾಗದದ ಮೇಲೆ ಮಸುಕಾಗಿ ಪ್ರಿಂಟ್ ಹಾಕಿಸುವುದು. ಆ ಮಸುಕಿನ ಮೇಲೆ ಬಣ್ಣ ಬಳಿಯುವುದು, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಕೊನೆಗೆ ಆ ಹಾಳೆಯನ್ನು ಸ್ಕ್ಯಾನ್ ಮಾಡಿಸಿ, ಹತ್ತೇ ಹತ್ತು ಪ್ರಿಂಟ್ ತೆಗೆದು, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಹಿ. ಇದು ಫೋಟೋನೋ ಪೇಂಟಿಂಗೋ ಎಂದವರಿಗೆ, ಕಣ್ಣಿದೆಯಲ್ಲ, ನೋಡಿಕೊಳ್ಳಿ ಎನ್ನುತ್ತಿದ್ದಳು. ಈ ಬಾಯಿಯಿಂದಲೋ ಏನೋ, ಊರಿನ ಚಿತ್ರಪ್ರದರ್ಶನದಲ್ಲಿ ಏಳು ವರ್ಷದಿಂದ ಅವಳ ಒಂದು ಹಾಳೆಯೂ ಗೋಡೆ ಏರಿರಲಿಲ್ಲ.

ಎಂಟನೇ ವರ್ಷ ಬರೆದದ್ದು ಅಕ್ಕನ ಮುಖ. ಅಕ್ಕ ಇಸ್ತ್ರಿ ಅಂಗಡಿ ನಡೆಸುವವಳು, ಮದುವೆಯಾಗದವಳು, ಅದೇ ಮನೆಯ ಮೇಲಿನ ಮಹಡಿಯಲ್ಲಿ ವಾಸ. ಎಡಗೆನ್ನೆಯ ಮೇಲೆ ಚಿಕ್ಕಂದಿನ ಸುಟ್ಟ ಗಾಯದ ಗುರುತು. ಟಚಿಂಗಮ್ಮ ಆ ಗುರುತೊಂದಕ್ಕೇ ಹನ್ನೊಂದು ದಿನ ಹಿಡಿದು, ಮಾದರಿ ಪ್ರಿಂಟನ್ನು ಪ್ರದರ್ಶನಕ್ಕೆ ಕಳಿಸಿದಳು.

ಅಲ್ಲಿನ ಕಾರ್ಯದರ್ಶಿ ಖುದ್ದಾಗಿ ಮನೆಗೆ ಬಂದ. ಕೆಲಸ ಬಲು ಸೊಗಸು, ದೊಡ್ಡ ಹಾಲ್‌ನ ಎದುರು ಗೋಡೆಯೇ ನಿಮಗೆ ಎಂದ. ಬೆಣ್ಣೆ ಹಚ್ಚಿ ಮುಗಿದ ಮೇಲೆ ವಿಷಯಕ್ಕೆ ಬಂದ. ಕೆನ್ನೆಯದು ಸ್ವಲ್ಪ ಕಣ್ಣಿಗೆ ಹೊಡೆಯುತ್ತದೆ, ಅರ್ಧದಷ್ಟು ತಿಳಿ ಮಾಡಿಬಿಡಿ, ನಿಮಗದು ನೀರು ಕುಡಿದಷ್ಟು ಸುಲಭ.

ನೀರು ಕುಡಿದಷ್ಟು ಸುಲಭವಂತೆ! ಅವಳ ಮೈಯೆಲ್ಲ ಉರಿದುಹೋಯಿತು. ಆ ಸುಲಭದ ಕೆಲಸ ಒಮ್ಮೆ ಮಾಡಿದ್ದಳು. ತನ್ನ ಹದಿನೇಳನೇ ವಯಸ್ಸಿನಲ್ಲಿ, ಅಮ್ಮ ಹೇಳಿದಳೆಂದು, ಗಂಡಿನ ಕಡೆಯವರಿಗೆ ಕಳಿಸುವ ಅಕ್ಕನ ಫೋಟೋದಿಂದ ಆ ಗುರುತನ್ನು ಹೇಳಹೆಸರಿಲ್ಲದಂತೆ ಅಳಿಸಿದ್ದಳು. ಹೊಸ ವಿದ್ಯೆಯ ಹುಮ್ಮಸ್ಸು ಬೇರೆ. ಗಂಡಿನವರು ಬಂದರು, ಮುಖ ನೋಡಿದರು, ಫೋಟೋ ಮೇಜಿನ ಮೇಲಿಟ್ಟು ಎದ್ದು ಹೋದರು. ಅಂದಿನಿಂದ ಇಂದಿನವರೆಗೆ ಅಕ್ಕ ಅದರ ಬಗ್ಗೆ ತುಟಿ ಪಿಟಕ್ಕೆಂದಿಲ್ಲ.

"ಅದು ಇದ್ದ ಹಾಗೇ ಇರುತ್ತೆ ಸಾರ್. ಗೋಡೆ ಕೊಡಲ್ಲ ಅಂದ್ರೆ ಬೇಡ ಬಿಡಿ," ಎಂದಳು.

ನಾಳೆಯೊಳಗೆ ಯೋಚಿಸಿ ತಿಳಿಸಿ ಎಂದು ಅವನು ಹೊರಟ. ಮಾತೇನೋ ಖಡಕ್ಕಾಗಿಯೇ ಬಂದಿತ್ತು, ಆದರೆ ಒಳಗೆ ಕೊರೆಯತೊಡಗಿತು. ಹಠ ತನ್ನದು, ಮುಖ ಅಕ್ಕನದು. ಬಣ್ಣ ಹಾಕಿದ ಮೇಲೆ ಅಕ್ಕನಿಗೆ ತೋರಿಸಿಯೇ ಇರಲಿಲ್ಲ.

ಅಕ್ಕ ಅಂಗಡಿಯಿಂದ ಊಟಕ್ಕೆ ಬಂದಾಗ ಹಾಳೆಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ನಡೆದದ್ದನ್ನೆಲ್ಲ ಹೇಳಿದಳು. ಅಕ್ಕ ಕನ್ನಡಕ ಒರೆಸಿಕೊಂಡು ಹತ್ತಿರ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.  ಬೇಡ ಅಂದರೆ ಈಗಲೇ ಹರಿದು ಹಾಕುತ್ತೇನೆ ಎಂದು ತಂಗಿ ಅಂದುಕೊಂಡಳು.

ಅಕ್ಕ ಬೆರಳು ಚಾಚಿ ಚಿತ್ರದ ದವಡೆಯ ಹತ್ತಿರ ಇಟ್ಟಳು. "ಇಲ್ಲಿಗೇ ಯಾಕೆ ನಿಲ್ಲಿಸಿದ್ದೀಯ? ಇದು ಕಿವಿ ಹಿಂದಿನ ತನಕ ಹೋಗುತ್ತೆ ಕಣೇ."

ಟಚಿಂಗಮ್ಮ ಅಕ್ಕನ ಮುಖ ನೋಡಿದಳು, ಹಾಳೆ ನೋಡಿದಳು. ಎರಡು ಬೆರಳಗಲ ಕಡಿಮೆ. ಫೋಟೋದಲ್ಲಿ ಇದ್ದುದನ್ನು ನಲವತ್ತು ವರ್ಷ ಪಳಗಿದ ಕೈ ತನಗೇ ಗೊತ್ತಿಲ್ಲದ ಹಾಗೆ ಮೈಬಣ್ಣ ಬಳಿದು ಮುಚ್ಚಿತ್ತು. ನಾಚಿಕೆಯಿಂದ ಅವಳ ಕಣ್ಣು ತುಂಬಿತು. ಅಷ್ಟನ್ನೂ ಬಳಿದರೆ ಆ ಗೋಡೆ ಖಂಡಿತ ಸಿಗುವುದಿಲ್ಲ ಎಂದಳು.

"ಅವರ ಗೋಡೆ ಅವರೇ ಇಟ್ಕೊಳ್ಳಲಿ. ನನ್ನ ಅಂಗಡಿಗೆ ದಿನಾ ನೂರು ಜನ ಬರ್ತಾರೆ. ಅಲ್ಲಿ ಹಾಕು, ನಾನು ಪಕ್ಕದಲ್ಲೇ ನಿಂತಿರ್ತೀನಿ. ಏಳು, ಬಣ್ಣ ಕಲಸು."

ಹಾಗೆಂದು ಅಕ್ಕ ಕೂದಲನ್ನೆಲ್ಲ ಕಿವಿಯ ಹಿಂದಕ್ಕೆ ಸರಿಸಿ, ಎಡಗೆನ್ನೆಯನ್ನು ಕಿಟಕಿಗೆ ತಿರುಗಿಸಿ, ಸ್ಟೂಲಿನ ಮೇಲೆ ಕೂತಳು.